ಇಲಿ ಇದೆಯೇ, ಇದ್ದರೆ ಎಲ್ಲಿ: ಮನೆಯಲ್ಲೂ ವ್ಯಾಪಾರದ ಜಾಗದಲ್ಲೂ ಇಲಿಯ ಸುಳಿವು ಗುರುತಿಸುವ ಕ್ರಮ

ಇಲಿಯನ್ನು ಕಣ್ಣಾರೆ ಕಂಡ ಮೇಲೆಯೇ ಇಲಿಯ ಕಾಟವಿದೆ ಎಂದು ಒಪ್ಪಿಕೊಳ್ಳುವವರು ಬಹಳ ಮಂದಿ. ಆದರೆ ಇಲಿ ನಿಶಾಚರ ಪ್ರಾಣಿ. ಅದು ಕತ್ತಲಾದ ಮೇಲೆ ಹೊರಡುತ್ತದೆ, ಗೋಡೆಯ ಅಂಚು ಹಿಡಿದು ಓಡಾಡುತ್ತದೆ, ಮನುಷ್ಯರ ಸದ್ದು ಕೇಳಿದೊಡನೆ ಅಡಗುತ್ತದೆ. ಹಗಲು ಹೊತ್ತಿನಲ್ಲಿ ನಮ್ಮ ಎದುರಿಗೇ ಹಾದುಹೋಗುವಷ್ಟು ಅದಕ್ಕೆ ಧೈರ್ಯ ಬಂದಿದೆಯೆಂದರೆ ಒಳಗೆ ಅದರ ಸಂಸಾರ ಆಗಲೇ ಬೆಳೆದಿರುವ ಸಾಧ್ಯತೆ ಹೆಚ್ಚು. ಹೆಣ್ಣಿಲಿ ಗರ್ಭ ಧರಿಸಿ ಮರಿ ಹಾಕಲು 21ರಿಂದ 23 ದಿನ ಸಾಕು. ಒಂದು ಸೂಲಿಗೆ 6ರಿಂದ 12 ಮರಿಗಳು ಹುಟ್ಟುವುದು ಸಾಮಾನ್ಯ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೂ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ಆದ್ದರಿಂದ ಇಲಿ ಕಣ್ಣಿಗೆ ಬೀಳುವವರೆಗೆ ಕಾಯದೆ, ಅದು ಬಿಟ್ಟುಹೋದ ಗುರುತುಗಳನ್ನು ಓದುವುದನ್ನು ಕಲಿಯಬೇಕು.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಒಂದು ಮೂಲೆಯಲ್ಲಿ ನಾಲ್ಕು ಹಿಕ್ಕೆ ಕಂಡೊಡನೆ ಪಾಷಾಣ ತಂದು ಸಿಕ್ಕಸಿಕ್ಕ ಕಡೆ ಇಡುವ ಅಭ್ಯಾಸ ವ್ಯಾಪಕವಾಗಿದೆ. ಆ ಹಿಕ್ಕೆ ಹೋದ ವರ್ಷದ್ದಿರಬಹುದು, ಇಲಿಯದೇ ಅಲ್ಲದಿರಬಹುದು, ಇಲಿಯದೇ ಆಗಿದ್ದರೂ ಅದರ ದಾರಿ ಈಗ ಆ ಮೂಲೆಯಲ್ಲಿ ಇಲ್ಲದಿರಬಹುದು. ಗುರುತಿಸುವ ಕೆಲಸ ಮುಗಿಯುವ ಮೊದಲೇ ಇಟ್ಟ ವಿಷದಿಂದ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ ಖಚಿತ, ಇಲಿಯ ಕಾಟ ನೀಗುವುದು ಮಾತ್ರ ಅನಿಶ್ಚಿತ. ಹಾಗಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಬೇರೇನೂ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ: ಬಂದಿರುವುದು ಯಾವ ಇಲಿ, ಅದು ಓಡಾಡುವುದು ಎಲ್ಲಿ, ಅದು ಈಗಲೂ ಇದೆಯೇ. ಮೂರರಲ್ಲಿ ಮುಖ್ಯವಾದದ್ದು ಕೊನೆಯದು. ಬಹುಮಂದಿ ಕೇಳಿಕೊಳ್ಳದೆ ಬಿಡುವುದೂ ಅದನ್ನೇ.

ಮೊದಲಿಗೆ: ಯಾವ ಯಾವ ಇಲಿಗಳು

ಜಗತ್ತಿನ ಹೆಚ್ಚಿನ ಊರುಗಳಲ್ಲಿ ಮನುಷ್ಯರ ಕಟ್ಟಡ ಸೇರುವುದು ಮುಖ್ಯವಾಗಿ ಮೂರು ಬಗೆಯವು. ಕಂದು ಇಲಿ ದಪ್ಪ ಮೈಯದು. ಬೆಳೆದದ್ದು 200ರಿಂದ 500 ಗ್ರಾಂ ತೂಗುತ್ತದೆ; ಅದರ ಮೂತಿ ಮೊಂಡು, ಕಿವಿ ಚಿಕ್ಕದು, ಬಾಲ ಮೈಯುದ್ದಕ್ಕಿಂತ ಗಿಡ್ಡ. ಅದು ನೆಲದ ಪ್ರಾಣಿ. ಮಣ್ಣಿನಲ್ಲಿ ಬಿಲ ತೋಡುತ್ತದೆ, ಚರಂಡಿಯಲ್ಲಿ ಬದುಕುತ್ತದೆ, ಚೆನ್ನಾಗಿ ಈಜುತ್ತದೆ. ಕಪ್ಪು ಇಲಿಯನ್ನು ಚಾವಣಿ ಇಲಿ ಎಂದೂ ಕರೆಯುತ್ತಾರೆ. ಅದರ ಬಣ್ಣ ಯಾವಾಗಲೂ ಕಪ್ಪಿರುವುದಿಲ್ಲವಾದ್ದರಿಂದ ಬಣ್ಣ ನೋಡಿ ತೀರ್ಮಾನಿಸಬಾರದು. ತೆಳ್ಳಗಿನ ಮೈ, ದೊಡ್ಡ ಕಿವಿ, ಮೈಯುದ್ದಕ್ಕಿಂತ ಉದ್ದವಾದ ಬಾಲ ಇವು ನಂಬಬಹುದಾದ ಲಕ್ಷಣಗಳು. ಅದು ಹತ್ತುವುದರಲ್ಲಿ ನಿಪುಣ, ಹಾಗಾಗಿ ಅದರ ವಾಸ ಅಟ್ಟ, ಜಂತಿ, ಫಾಲ್ಸ್ ಸೀಲಿಂಗು ಮತ್ತು ಮರಗಳಲ್ಲಿ. ಮೂರನೆಯದು ಚಿಟ್ಟಿಲಿ, 15ರಿಂದ 25 ಗ್ರಾಂ ತೂಗುವ ಈ ಪುಟ್ಟ ಪ್ರಾಣಿ ಗೂಡಿನಿಂದ ಕೆಲವೇ ಮೀಟರ್ ದೂರದೊಳಗೆ ತನ್ನ ಜೀವನ ಮುಗಿಸಿಬಿಡಬಲ್ಲದು.

ದೊಡ್ಡ ಇಲಿಯ ಮರಿಯನ್ನು ಚಿಟ್ಟಿಲಿಯೆಂದು ತಪ್ಪು ತಿಳಿಯುವುದು ಸಾಮಾನ್ಯ. ಮರಿಯ ತಲೆ ಮತ್ತು ಹಿಂಗಾಲಿನ ಪಾದಗಳು ಮೈಗೆ ಹೋಲಿಸಿದರೆ ಎದ್ದು ಕಾಣುವಷ್ಟು ದೊಡ್ಡವಾಗಿರುತ್ತವೆ. ಹಾಗೆಯೇ ಉದ್ದ ಚೂಪು ಮೂತಿಯ, ಕಟುವಾಸನೆ ಬೀರುವ ಮೂಗಿಲಿ ಇಲಿಯ ಜಾತಿಗೇ ಸೇರಿದ್ದಲ್ಲ. ಅದು ಹುಳುಹುಪ್ಪಟೆ ತಿಂದು ಬದುಕುವ ಬೇರೆಯೇ ಪ್ರಾಣಿ. ಅದೊಂದು ಕಂಡಿತೆಂದು ದಾಸ್ತಾನಿಗೆ ಇಲಿ ಹೊಕ್ಕಿದೆ ಎಂದು ಗಾಬರಿಯಾಗಬೇಕಿಲ್ಲ.

ಜಾತಿ ತಿಳಿಯುವುದು ಏಕೆ ಮುಖ್ಯವೆಂದರೆ, ಹುಡುಕಬೇಕಾದ ಜಾಗ ಅದರಿಂದಲೇ ನಿರ್ಧಾರವಾಗುತ್ತದೆ. ಕಂದು ಇಲಿಗೆ ನೆಲ ಮತ್ತು ಚರಂಡಿ ನೋಡಬೇಕು, ಕಪ್ಪು ಇಲಿಗೆ ತಲೆಯೆತ್ತಿ ನೋಡಬೇಕು, ಚಿಟ್ಟಿಲಿಗೆ ಬೀರು, ಡ್ರಾಯರು, ಯಂತ್ರಗಳ ಒಳಭಾಗವನ್ನೇ ತೆಗೆದು ನೋಡಬೇಕು.

ಒಂದನೆಯ ಹೆಜ್ಜೆ: ಸಿದ್ಧತೆ

ಬೇಕಾಗುವ ಸಾಮಾನು ಕಡಿಮೆ. ಪ್ರಖರ ಬೆಳಕಿನ ಒಂದು ಟಾರ್ಚು, ರಬ್ಬರ್ ಕೈಗವಸು, ಧೂಳು ತಡೆಯುವ ಮುಖಗವಸು, ಅಳತೆಪಟ್ಟಿ, ಸೀಮೆಸುಣ್ಣ, ಒಂದು ನೋಟ್‌ಬುಕ್ ಸಾಕು. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಕಟ್ಟಡದ ಒರಟು ನಕಾಶೆ ಬರೆದುಕೊಂಡು, ಕಂಡ ಪ್ರತಿ ಗುರುತನ್ನೂ ಅದರ ಮೇಲೆ ದಿನಾಂಕದೊಂದಿಗೆ ನಮೂದಿಸಬೇಕು. ಇದನ್ನು ಅನಗತ್ಯ ಶ್ರಮವೆಂದು ಬಿಡುವವರಿದ್ದಾರೆ. ಆದರೆ ಬಿಡಿಬಿಡಿಯಾಗಿ ಕಂಡ ಹತ್ತು ಗುರುತುಗಳು ನಕಾಶೆಯ ಮೇಲೆ ಬಿದ್ದಾಗ ಮಾತ್ರ ಒಂದು ದಾರಿಯಾಗಿ ಜೋಡಣೆಯಾಗುತ್ತವೆ.

ಹಗಲಿನಲ್ಲಿ ಒಮ್ಮೆ ಪೂರ್ತಿ ನೋಡಿ, ಕತ್ತಲಾದ ಅರ್ಧ ಗಂಟೆಯ ನಂತರ ಇನ್ನೊಮ್ಮೆ ನೋಡುವುದು ಉತ್ತಮ. ಟಾರ್ಚನ್ನು ಮೇಲಿನಿಂದ ಕೆಳಗೆ ಬಿಡದೆ ನೆಲಕ್ಕೆ ಸಮನಾಗಿ ಅಡ್ಡಲಾಗಿ ಹಿಡಿದರೆ, ಧೂಳಿನಲ್ಲಿ ಮೂಡಿದ ಹೆಜ್ಜೆಯ ಅಂಚುಗಳು ನೆರಳು ಚೆಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಎರಡನೆಯ ಹೆಜ್ಜೆ: ಹೊರಗಿನಿಂದ ಒಳಗೆ

ಪರಿಶೀಲನೆ ಕಟ್ಟಡದ ಹೊರಗೋಡೆಯಿಂದ ಆರಂಭವಾಗಬೇಕು. ಗೋಡೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬರುವಾಗ ನೆಲಮಟ್ಟದ ಬಿರುಕು, ಪೈಪು ಮತ್ತು ವೈರು ಒಳಹೋಗುವ ರಂಧ್ರ, ಬಾಗಿಲಿನ ಕೆಳಸಂದಿ, ಗಾಳಿಕಿಂಡಿಯ ಹರಿದ ಜಾಲರಿ, ಚರಂಡಿಯ ಒಡೆದ ಮುಚ್ಚಳ ಇವನ್ನೆಲ್ಲ ಗಮನಿಸಬೇಕು. ಇಲಿಗೆ ಬೇಕಾದ ಸಂದಿ ನಾವು ಊಹಿಸುವುದಕ್ಕಿಂತ ಬಹಳ ಕಿರಿದು. ಸುಮಾರು 6 ಮಿಲಿಮೀಟರ್ ಸಂದಿಯಲ್ಲಿ ಚಿಟ್ಟಿಲಿ ನುಸುಳಬಲ್ಲದು. ದೊಡ್ಡ ಜಾತಿಯ ಎಳೆಯ ಇಲಿಗೆ 12 ಮಿಲಿಮೀಟರ್ ಸಾಕಾಗುತ್ತದೆ. ಬಾಗಿಲಿನ ಕೆಳಗೆ ಒಂದು ಪೆನ್ಸಿಲನ್ನು ಉರುಳಿಸಿ ನೋಡಿ. ಅದು ಸಲೀಸಾಗಿ ಒಳಹೊಕ್ಕರೆ ಚಿಟ್ಟಿಲಿಯೂ ಹೋಗಬಲ್ಲದು ಎಂದೇ ತಿಳಿಯಬೇಕು.

ಬಿಲಗಳನ್ನು ನೋಡುವಾಗ ಅಳತೆಪಟ್ಟಿ ಬಳಸಿ. ಕಂದು ಇಲಿಯ ಬಿಲದ ಬಾಯಿ ಸಾಮಾನ್ಯವಾಗಿ 6ರಿಂದ 9 ಸೆಂಟಿಮೀಟರ್ ಅಗಲವಿರುತ್ತದೆ. ಅದು ಗೋಡೆಯ ಬುಡ, ಕಾಂಕ್ರೀಟು ಚಪ್ಪಡಿಯ ಅಂಚು, ದಟ್ಟ ಪೊದೆ, ಕಸದ ರಾಶಿ ಇಂಥ ಆಸರೆಯ ಪಕ್ಕದಲ್ಲೇ ಇರುತ್ತದೆ, ಬಯಲಿನ ನಡುವೆ ಇರುವುದು ಕಡಿಮೆ. ಬಳಕೆಯಲ್ಲಿರುವ ಬಿಲದ ಬಾಯಿ ಮೈ ತಾಗಿ ತಾಗಿ ನುಣುಪಾಗಿರುತ್ತದೆ, ಎದುರಿಗೆ ಸಡಿಲವಾದ ಹೊಸ ಮಣ್ಣು ಬಿದ್ದಿರುತ್ತದೆ. ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ, ಒಣಗಿದ ಎಲೆ ಅಡ್ಡ ಬಿದ್ದಿದ್ದರೆ ಅದು ಪಾಳುಬಿದ್ದ ಬಿಲ. ಅನುಮಾನವಿದ್ದರೆ ಮುದುಡಿದ ಕಾಗದವನ್ನೋ ಸಡಿಲ ಮಣ್ಣನ್ನೋ ಬಾಯಿಗೆ ಹಗುರವಾಗಿ ತುಂಬಿ ಒಂದೆರಡು ದಿನ ಬಿಟ್ಟು ನೋಡಬೇಕು. ಒಳಗೆ ಇಲಿಯಿದ್ದರೆ ಅದನ್ನು ತಳ್ಳಿ ದಾರಿ ಮಾಡಿಕೊಂಡಿರುತ್ತದೆ. ಒಂದು ಬಿಲಕ್ಕೆ ಹಲವು ಬಾಯಿಗಳಿರುತ್ತವೆ, ಅವುಗಳಲ್ಲಿ ಕೆಲವನ್ನು ಇಲಿಯೇ ಹುಲ್ಲು ಮಣ್ಣಿನಿಂದ ತೆಳುವಾಗಿ ಮುಚ್ಚಿ ತುರ್ತಿನ ದಾರಿಯಾಗಿ ಇಟ್ಟುಕೊಂಡಿರುತ್ತದೆ. ಆದ್ದರಿಂದ ಎಂಟು ಬಾಯಿ ಕಂಡರೆ ಎಂಟು ಇಲಿ ಎಂಬ ಲೆಕ್ಕ ಸರಿಯಲ್ಲ.

ಮ್ಯಾನ್‌ಹೋಲಿನ ಸುತ್ತ ಅಥವಾ ನೆಲಹಾಸಿನ ನಡುವೆ ಕಾರಣವಿಲ್ಲದೆ ಮಣ್ಣು ಕುಸಿದು ಗುಂಡಿ ಬಿದ್ದಿದ್ದರೆ ನೆಲದಡಿಯ ಚರಂಡಿ ಪೈಪು ಒಡೆದಿರುವ ಸಾಧ್ಯತೆಯಿದೆ. ಇಂಥ ಕಡೆ ಮೇಲೆ ಎಷ್ಟು ಇಲಿ ಹಿಡಿದರೂ ಕೆಳಗಿನಿಂದ ಹೊಸವು ಬರುತ್ತಲೇ ಇರುತ್ತವೆ; ಪೈಪು ದುರಸ್ತಿಯಾಗದೆ ಕಾಟ ನಿಲ್ಲುವುದಿಲ್ಲ. ತಲೆಯೆತ್ತಿ ನೋಡಬೇಕಾದದ್ದೂ ಇದೆ: ಚಾವಣಿಗೆ ತಾಗುವ ಮರದ ಕೊಂಬೆ, ಕಟ್ಟಡದಿಂದ ಕಟ್ಟಡಕ್ಕೆ ಹಾದ ಕೇಬಲ್, ಗೋಡೆ ಏರಿದ ಬಳ್ಳಿ ಇವು ಕಪ್ಪು ಇಲಿಯ ಹೆದ್ದಾರಿಗಳು.

ಮೂರನೆಯ ಹೆಜ್ಜೆ: ಹಿಕ್ಕೆಯನ್ನು ಓದುವುದು

ಎಲ್ಲ ಗುರುತುಗಳಲ್ಲಿ ಹೆಚ್ಚು ವಿಷಯ ತಿಳಿಸುವುದು ಹಿಕ್ಕೆ. ಒಂದು ದೊಡ್ಡ ಇಲಿ ದಿನಕ್ಕೆ ಸುಮಾರು 40 ಹಿಕ್ಕೆ ಹಾಕುತ್ತದೆ, ಚಿಟ್ಟಿಲಿ ಅದಕ್ಕಿಂತಲೂ ಹೆಚ್ಚು. ಹೀಗಾಗಿ ಇಲಿ ಇರುವ ಕಡೆ ಹಿಕ್ಕೆ ಇಲ್ಲದಿರುವುದು ಅಸಾಧ್ಯವೆಂದೇ ಹೇಳಬಹುದು; ಸಿಗದಿದ್ದರೆ ನಾವು ಸರಿಯಾದ ಜಾಗ ನೋಡಿಲ್ಲವೆಂದೇ ಅರ್ಥ. ನೋಡಬೇಕಾದ ಜಾಗಗಳೆಂದರೆ ಗೋಡೆಯ ಅಂಚು, ಫ್ರಿಜ್ಜು ಮತ್ತು ಒಲೆಯ ಹಿಂಭಾಗ, ಸಿಂಕಿನ ಕೆಳಗಿನ ಗೂಡು, ಅಟ್ಟದ ಮೂಲೆ, ಕಪಾಟಿನ ಕೊನೆಯ ಹಲಗೆ, ಬಹಳ ದಿನ ಕದಲಿಸದ ಪೆಟ್ಟಿಗೆಗಳ ಹಿಂದಿನ ಸಂದಿ.

ಆಕಾರದಿಂದ ಜಾತಿ ತಿಳಿಯುತ್ತದೆ. ಕಂದು ಇಲಿಯ ಹಿಕ್ಕೆ ಸುಮಾರು 18ರಿಂದ 20 ಮಿಲಿಮೀಟರ್ ಉದ್ದ, ದಪ್ಪ, ಎರಡೂ ತುದಿ ಮೊಂಡು; ಔಷಧದ ಕ್ಯಾಪ್ಸೂಲನ್ನು ನೆನಪಿಸುವಂತಿರುತ್ತದೆ. ಕಪ್ಪು ಇಲಿಯದು ಸುಮಾರು 12 ಮಿಲಿಮೀಟರ್ ಉದ್ದ, ತುಸು ಬಾಗಿದ್ದು ತುದಿಗಳು ಚೂಪಾಗಿರುತ್ತವೆ. ಚಿಟ್ಟಿಲಿಯದು 3ರಿಂದ 6 ಮಿಲಿಮೀಟರ್ ಮಾತ್ರ. ಒಂದೇ ಜಾಗದಲ್ಲಿ ಒಂದೇ ಆಕಾರದ, ಆದರೆ ಬೇರೆ ಬೇರೆ ಗಾತ್ರದ ಹಿಕ್ಕೆಗಳು ಕಂಡರೆ ಮರಿಗಳೂ ದೊಡ್ಡವೂ ಒಟ್ಟಿಗಿವೆ ಎಂದು, ಅಂದರೆ ಅಲ್ಲಿಯೇ ಸಂತಾನ ನಡೆದಿದೆ ಎಂದು ತಿಳಿಯಬೇಕು. ಇದನ್ನು ಯಾವ ಕಾರಣಕ್ಕೂ ಹಗುರವಾಗಿ ತೆಗೆದುಕೊಳ್ಳಬಾರದು.

ವಯಸ್ಸು ತಿಳಿಯುವುದು ಬಣ್ಣ ಮತ್ತು ಮೃದುತ್ವದಿಂದ. ಹೊಸ ಹಿಕ್ಕೆ ಕಡುಬಣ್ಣದ್ದು, ತೇವದಿಂದ ಹೊಳೆಯುತ್ತದೆ, ಕಡ್ಡಿಯಿಂದ ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಿರುತ್ತದೆ. ಕೆಲವು ದಿನಗಳಲ್ಲಿ ಹೊಳಪು ಹೋಗಿ ಗಟ್ಟಿಯಾಗುತ್ತದೆ. ಇನ್ನೂ ಹಳೆಯದಾದಂತೆ ಬೂದುಬಣ್ಣಕ್ಕೆ ತಿರುಗಿ, ಒತ್ತಿದರೆ ಪುಡಿಯಾಗುತ್ತದೆ. ಬಿಸಿಲು, ಯಂತ್ರದ ಶಾಖ, ಒಣಗಾಳಿ ಇರುವ ಕಡೆ ಈ ಬದಲಾವಣೆ ಬೇಗ ಆಗುತ್ತದೆ, ತೇವದ ಮೂಲೆಯಲ್ಲಿ ನಿಧಾನವಾಗುತ್ತದೆ. ಆದ್ದರಿಂದ ಮೆತ್ತಗಿನ ಹಿಕ್ಕೆ ಹೊಸದೆಂಬುದಕ್ಕೆ ಗಟ್ಟಿ ಸಾಕ್ಷಿಯಾದರೂ, ಗಟ್ಟಿಯಾದ ಹಿಕ್ಕೆ ಹಳೆಯದೇ ಎಂಬುದಕ್ಕೆ ಅಷ್ಟೇ ಗಟ್ಟಿ ಸಾಕ್ಷಿಯಲ್ಲ.

ಬೇರೆ ಪ್ರಾಣಿಗಳ ಹಿಕ್ಕೆಯಿಂದ ಇದನ್ನು ಬೇರ್ಪಡಿಸುವುದೂ ಗೊತ್ತಿರಬೇಕು. ಹಲ್ಲಿಯ ಹಿಕ್ಕೆಯ ಒಂದು ತುದಿಯಲ್ಲಿ ಬಿಳಿಯ ಚುಕ್ಕೆ ಇರುತ್ತದೆ. ಇಲಿಯದರಲ್ಲಿ ಅದು ಇರುವುದಿಲ್ಲ. ಬಾವಲಿಯ ಹಿಕ್ಕೆ ಚಿಟ್ಟಿಲಿಯದರಂತೆಯೇ ಕಂಡರೂ ಒತ್ತಿದರೆ ಸುಲಭವಾಗಿ ಪುಡಿಯಾಗುತ್ತದೆ, ಆ ಪುಡಿಯಲ್ಲಿ ಕೀಟಗಳ ರೆಕ್ಕೆ ಚಿಪ್ಪಿನ ಚೂರುಗಳು ಮಿನುಗುತ್ತವೆ. ದೊಡ್ಡ ಜಿರಲೆಯ ಹಿಕ್ಕೆ ಇನ್ನೂ ಸಣ್ಣದು, ಅದರ ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ. ಬರಿಗೈಯಿಂದ ಮಾತ್ರ ಯಾವುದನ್ನೂ ಮುಟ್ಟಬಾರದು.

ಮೂತ್ರದ ಗುರುತು ಬರಿಗಣ್ಣಿಗೆ ಕಾಣುವುದು ಕಷ್ಟ. ನೇರಳಾತೀತ ಬೆಳಕಿನ ಟಾರ್ಚಿನಲ್ಲಿ ಅದು ನಸುನೀಲಿ ಮಿಶ್ರಿತ ಬಿಳಿಯಾಗಿ ಹೊಳೆಯುತ್ತದೆ. ಆದರೆ ಬಟ್ಟೆ ಸೋಪಿನ ಪುಡಿ, ಕೆಲವು ಯಂತ್ರದೆಣ್ಣೆಗಳು ಕೂಡ ಹಾಗೆಯೇ ಹೊಳೆಯುವುದರಿಂದ, ಹೊಳಪೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲ.

ನಾಲ್ಕನೆಯ ಹೆಜ್ಜೆ: ಜಿಡ್ಡು ಮತ್ತು ಹಲ್ಲಿನ ಗುರುತು

ಇಲಿಯ ದೃಷ್ಟಿ ಮಂದ. ಮೀಸೆಯ ಸ್ಪರ್ಶದಿಂದಲೇ ದಾರಿ ತಿಳಿಯುವ ಅದು ರಾತ್ರಿ ರಾತ್ರಿಯೂ ಒಂದೇ ಅಂಚು ಹಿಡಿದು ಓಡುತ್ತದೆ. ಹಾಗೆ ಓಡುವಾಗ ಮೈಯ ಎಣ್ಣೆಯೂ ಕೊಳೆಯೂ ಸೇರಿ ಗೋಡೆಯ ಬುಡ, ಪೈಪು, ರಂಧ್ರದ ಅಂಚುಗಳಲ್ಲಿ ಕಪ್ಪು ಜಿಡ್ಡಿನ ಪಟ್ಟಿ ಮೂಡುತ್ತದೆ. ಅಟ್ಟದಲ್ಲಿ ಗೋಡೆಗೂ ಜಂತಿಗೂ ಕೂಡುವಲ್ಲಿ ಅರ್ಧಚಂದ್ರಾಕಾರದ ಜಿಡ್ಡು ಕಂಡರೆ, ಕಪ್ಪು ಇಲಿ ಜಂತಿಯ ಕೆಳಗಿನಿಂದ ಮೈ ಬಳಸಿ ದಾಟುತ್ತಿದೆ ಎಂದು ತಿಳಿಯಬಹುದು. ಕಡ್ಡಿಯ ತುದಿಯಿಂದ ಉಜ್ಜಿದಾಗ ಜಿಡ್ಡು ಮೆತ್ತಗೆ ಹರಡಿಕೊಂಡರೆ ದಾರಿ ಬಳಕೆಯಲ್ಲಿದೆ. ಒಣಗಿ ಚಕ್ಕೆಯಾಗಿ ಉದುರಿದರೆ ಬಿಟ್ಟು ಕಾಲವಾಗಿದೆ. ಜಿಡ್ಡು ದಟ್ಟವಾಗಿದ್ದಷ್ಟೂ ಕಾಟ ಹಳೆಯದು. ಆದರೆ ಎಷ್ಟು ಇಲಿ ಎಂಬುದನ್ನು ಜಿಡ್ಡು ಹೇಳಲಾರದು. ಬಹುಕಾಲ ಓಡಾಡಿದ ಕೆಲವೇ ಇಲಿಗಳೂ ಅಷ್ಟೇ ಜಿಡ್ಡು ಬಿಡಬಲ್ಲವು.

ಇಲಿಯ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹಸಿವಿಲ್ಲದಿದ್ದರೂ ಅದು ಮರ, ಪ್ಲಾಸ್ಟಿಕ್, ಅಲ್ಯೂಮಿನಿಯಂ, ಸೀಸದ ಪೈಪು, ಹಸಿ ಸಿಮೆಂಟು ಹೀಗೆ ಸಿಕ್ಕಿದ್ದನ್ನು ಕಡಿಯುತ್ತದೆ. ಗುರುತು ಜೋಡಿ ಗೀರುಗಳಾಗಿ ಮೂಡುತ್ತದೆ. ದೊಡ್ಡ ಇಲಿಯ ಗೀರುಗಳು ಅಗಲ ಮತ್ತು ಆಳ, ಚಿಟ್ಟಿಲಿಯವು ಉಗುರಿನಿಂದ ಗೀಚಿದಷ್ಟು ಸೂಕ್ಷ್ಮ. ಮರದ ಹೊಸ ಕಡಿತ ತಿಳಿಬಣ್ಣದ್ದಾಗಿದ್ದು ಕೆಳಗೆ ಹೊಟ್ಟು ಬಿದ್ದಿರುತ್ತದೆ. ಹಳೆಯದು ಸುತ್ತಲಿನ ಮರದ ಬಣ್ಣಕ್ಕೇ ತಿರುಗಿರುತ್ತದೆ.

ಇಲ್ಲಿ ವಿದ್ಯುತ್ ವೈರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಹೊರಕವಚ ಕಡಿದು ತಾಮ್ರ ಕಾಣುವ ವೈರು ಶಾರ್ಟ್ ಸರ್ಕ್ಯೂಟಿಗೂ ಬೆಂಕಿಗೂ ಕಾರಣವಾಗಬಲ್ಲದು. ಕಾರಣ ತಿಳಿಯದೆ ಫ್ಯೂಸ್ ಪದೇಪದೇ ಹೋಗುವುದು, ಫ್ರಿಜ್ಜು ಅಥವಾ ಇಂಟರ್‌ನೆಟ್ ಸಂಪರ್ಕ ಇದ್ದಕ್ಕಿದ್ದಂತೆ ಕೆಡುವುದು, ಬಹಳ ದಿನ ನಿಂತಿದ್ದ ವಾಹನದ ಎಂಜಿನ್ನಿನಲ್ಲಿ ವೈರು ತುಂಡಾಗುವುದು ಇವೂ ಇಲಿಯ ಸುಳಿವುಗಳೇ. ಕಡಿದ ವೈರನ್ನು ಮುಟ್ಟದೆ, ಮುಖ್ಯ ಸ್ವಿಚ್ಚು ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಪರಿಶೀಲನೆಯ ಉಳಿದ ಭಾಗ ನಾಳೆಗೆ ಕಾಯಬಹುದು. ಇದು ಕಾಯುವ ಕೆಲಸವಲ್ಲ.

ಐದನೆಯ ಹೆಜ್ಜೆ: ಸದ್ದು, ವಾಸನೆ, ಗೂಡು

ಸೂರ್ಯ ಮುಳುಗಿದ ಮೇಲಿನ ಮೊದಲ ಕೆಲವು ಗಂಟೆ ಮತ್ತು ಬೆಳಗಾಗುವ ಮುನ್ನಿನ ಹೊತ್ತು ಇಲಿಗಳ ಓಡಾಟ ಜೋರಾಗಿರುತ್ತದೆ. ದೀಪ, ಫ್ಯಾನು, ಟಿವಿ ಎಲ್ಲ ಆರಿಸಿ ಹತ್ತು ನಿಮಿಷ ಸುಮ್ಮನೆ ಕುಳಿತರೆ ಚಾವಣಿಯಲ್ಲಿ ಪರಪರ ಕೆರೆಯುವ, ಗೋಡೆಯೊಳಗೆ ಸರಸರ ಓಡುವ, ಕಟಕಟ ಕಡಿಯುವ ಸದ್ದು ಕೇಳಬಹುದು. ಹಗಲಿನಲ್ಲಿ ಚಾವಣಿಯಿಂದ ಸದ್ದು ಬಂದರೆ ಅಳಿಲೋ ಹಕ್ಕಿಯೋ ಆಗಿರುವ ಸಾಧ್ಯತೆಯೇ ಹೆಚ್ಚು. ನಾಯಿ ಬೆಕ್ಕುಗಳು ಒಂದೇ ಗೋಡೆಯ ಕಡೆ, ಒಂದೇ ಬೀರುವಿನ ಕೆಳಗೆ ಮತ್ತೆ ಮತ್ತೆ ಮೂಸುತ್ತ ಕಾಯುತ್ತಿದ್ದರೆ ಆ ಜಾಗವನ್ನು ನಕಾಶೆಯಲ್ಲಿ ಗುರುತಿಸಿಕೊಳ್ಳಿ. ಬೆಕ್ಕಿದೆ, ಆದ್ದರಿಂದ ಇಲಿಯಿಲ್ಲ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ.

ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದ ಕ್ಷಣದಲ್ಲಿ ಮೂಗಿಗೆ ಬಡಿಯುವ ಮೂತ್ರದ ಘಾಟನ್ನು ಗಮನಿಸಬೇಕು. ಸ್ವಲ್ಪ ಹೊತ್ತು ಒಳಗಿದ್ದರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಗೂಡು ಸಿಗುವುದು ಬೆಚ್ಚಗಿನ, ಯಾರೂ ಕೈಹಾಕದ ಜಾಗದಲ್ಲಿ. ಕಾಗದ, ಬಟ್ಟೆ, ಹತ್ತಿ, ಥರ್ಮೊಕೋಲು ಇವುಗಳ ನುಣ್ಣನೆಯ ಚೂರುಗಳ ಉಂಡೆ ಕಂಡರೆ ಕೈಹಾಕಬಾರದು, ಒಳಗೆ ಮರಿಗಳೂ ತಾಯಿಯೂ ಇರಬಹುದು.

ಇಲಿಗಳು ಯಾರೂ ವಿಷವಿಡದೆಯೇ ಒಂದರ ಹಿಂದೊಂದು ಸತ್ತು ಬೀಳುತ್ತಿದ್ದರೆ ಅವುಗಳನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಪ್ಲೇಗ್ ಹಬ್ಬಿದ ಕಾಲದಲ್ಲಿ ಮನುಷ್ಯರಿಗಿಂತ ಮೊದಲು ಇಲಿಗಳು ಸಾಯುತ್ತಿದ್ದವು; 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಆ ರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು ಅಂಥ ಹಾವಳಿಯ ನಡುವೆಯೇ. ಸತ್ತ ಇಲಿಯನ್ನು ಬಿಟ್ಟ ಚಿಗಟಗಳು ಮನುಷ್ಯರಿಗೆ ಹತ್ತುವುದೇ ಅಪಾಯದ ಮೂಲ.

ಆರನೆಯ ಹೆಜ್ಜೆ: ಎಲ್ಲವನ್ನೂ ಒರೆಸಿ, ಕಾದು, ಮತ್ತೆ ನೋಡುವುದು

ಇಷ್ಟು ಹೊತ್ತು ಸೇರಿಸಿದ್ದು ಸುಳಿವುಗಳು. ಈಗಲೂ ಇಲಿ ಇದೆಯೇ ಎಂಬುದಕ್ಕೆ ನಿಜವಾದ ಉತ್ತರ ಸಿಗುವುದು ಈ ಹೆಜ್ಜೆಯಲ್ಲಿ, ಆದ್ದರಿಂದ ಇದನ್ನು ಬಿಡಬಾರದು. ಕಂಡ ಗುರುತುಗಳ ಚಿತ್ರ ತೆಗೆದುಕೊಂಡು, ಎಲ್ಲ ಹಿಕ್ಕೆಯನ್ನೂ ತೆಗೆದು, ಜಿಡ್ಡು ಒರೆಸಿ, ಹಳೆಯ ಕಡಿತಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹಾಗೆ ಮಾಡಿದ ಮೇಲೆ ಮರುದಿನ ಕಾಣುವ ಪ್ರತಿ ಹಿಕ್ಕೆಯೂ ಹೊಸದೇ. ವಯಸ್ಸಿನ ಬಗ್ಗೆ ವಾದಕ್ಕೆ ಎಡೆಯಿರುವುದಿಲ್ಲ.

ಒರೆಸುವ ಕ್ರಮದಲ್ಲಿ ಆರೋಗ್ಯದ ಪ್ರಶ್ನೆಯಿದೆ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಲೂಬಾರದು. ಗಾಳಿಗೆ ಏಳುವ ಧೂಳಿನ ಮೂಲಕ ಹಂಟಾವೈರಸ್‌ನಂಥ ರೋಗಾಣು ಶ್ವಾಸಕೋಶ ಸೇರಬಲ್ಲದು. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಚರ್ಮದ ಸಣ್ಣ ಗಾಯದ ಮೂಲಕ, ಕಣ್ಣು ಬಾಯಿಗಳ ಮೂಲಕ ದೇಹ ಹೊಕ್ಕು ಇಲಿಜ್ವರ ತರುತ್ತದೆ. ಮೊದಲು ಕಿಟಕಿ ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಗಾಳಿಯಾಡಲು ಬಿಡಿ. ನಂತರ ಕೈಗವಸು ಮುಖಗವಸು ಧರಿಸಿ, ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಹಿಕ್ಕೆಯ ಮೇಲೆ ನೆನೆಯುವಷ್ಟು ಸಿಂಪಡಿಸಿ, ಐದು ನಿಮಿಷ ಬಿಟ್ಟು, ಬಿಸಾಡುವ ಕಾಗದದಿಂದ ಒರೆಸಿ ತೆಗೆಯಬೇಕು. ಆ ಕಾಗದವನ್ನು ಚೀಲದಲ್ಲಿ ಕಟ್ಟಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಕಸಕ್ಕೆ ಹಾಕಬೇಕು. ಬ್ಲೀಚಿಗೆ ಅಮೋನಿಯಾ ಅಥವಾ ಆಮ್ಲವಿರುವ ಬೇರೆ ಯಾವ ಕ್ಲೀನರನ್ನೂ ಬೆರೆಸಕೂಡದು, ವಿಷಾನಿಲ ಏಳುತ್ತದೆ. ಕೈಗವಸು ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಸೋಪಿನಿಂದ ಕೈ ತೊಳೆಯಿರಿ. ಇದಾದ ದಿನಗಳಲ್ಲಿ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವುದು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ವೈದ್ಯರಿಗೆ ಇಲಿಯ ವಿಷಯವನ್ನೂ ಹೇಳಬೇಕು.

ಜಾಗ ಶುಚಿಯಾದ ಮೇಲೆ, ಅನುಮಾನವಿರುವ ದಾರಿಗಳಲ್ಲಿ ಟಾಲ್ಕಂ ಪೌಡರನ್ನು ತೆಳುವಾಗಿ, ಅಂಗೈಯಗಲದ ಪಟ್ಟಿಯಾಗಿ ಹರಡಬೇಕು. ಹಿಟ್ಟು ಬಳಸಬೇಡಿ, ಅದು ಇಲಿಗೂ ಹುಳುವಿಗೂ ಆಹಾರವಾಗುತ್ತದೆ. ತೆರೆದಿಟ್ಟ ಆಹಾರದ ಹತ್ತಿರವೂ ಪೌಡರ್ ಹಾಕಬಾರದು. ಬೆಳಗ್ಗೆ ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿದರೆ ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು ಬೆರಳುಗಳ ಗುರುತು ಮೂಡಿರುತ್ತದೆ. ಕೆಲವೊಮ್ಮೆ ನಡುವೆ ಬಾಲ ಎಳೆದ ಗೆರೆಯೂ ಇರುತ್ತದೆ. ಹಿಂಪಾದದ ಗುರುತು ಮೂರು ಸೆಂಟಿಮೀಟರಿಗಿಂತ ಉದ್ದವಿದ್ದರೆ ದೊಡ್ಡ ಇಲಿ, ಎರಡಕ್ಕಿಂತ ಕಡಿಮೆಯಿದ್ದರೆ ಚಿಟ್ಟಿಲಿ.

ಒಂದೇ ರಾತ್ರಿಯ ಫಲ ನೋಡಿ ತೀರ್ಮಾನಿಸಬೇಡಿ. ದೊಡ್ಡ ಇಲಿಗಳು ಹೊಸ ವಸ್ತುವಿಗೆ ಅಂಜುತ್ತವೆ. ದಾರಿಯಲ್ಲಿ ಏನಾದರೂ ಬದಲಾದರೆ ಹಲವು ದಿನ ಆ ಕಡೆ ಸುಳಿಯದಿರಬಹುದು. ಚಿಟ್ಟಿಲಿಗೆ ಅಂಥ ಅಂಜಿಕೆ ಕಡಿಮೆ. ಕನಿಷ್ಠ ಒಂದು ವಾರ ಪ್ರತಿ ಬೆಳಗ್ಗೆ ನೋಡಿ, ಪಟ್ಟಿಯನ್ನು ಮತ್ತೆ ಸಮಮಾಡಿ, ಕಂಡದ್ದನ್ನು ನಕಾಶೆಯಲ್ಲಿ ಬರೆಯುತ್ತ ಹೋಗಬೇಕು.

ವ್ಯಾಪಾರದ ಜಾಗಗಳಲ್ಲಿ

ಅಂಗಡಿ, ಗೋದಾಮು, ಅಡುಗೆಮನೆ, ಕಚೇರಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಆದರೆ ಇಲಿ ಒಳಬರುವ ದಾರಿಗಳಲ್ಲಿ ಒಂದು ಹೆಚ್ಚು. ಸರಕಿನೊಂದಿಗೇ, ರಟ್ಟಿನ ಪೆಟ್ಟಿಗೆಗಳ ಒಳಗೇ ಅದು ಬಂದುಬಿಡುತ್ತದೆ. ಸರಕು ಇಳಿಸುವ ಜಾಗದಲ್ಲೇ ಪೆಟ್ಟಿಗೆಯ ಮೂಲೆ, ಚೀಲದ ತಳ, ಪ್ಯಾಲೆಟ್ಟಿನ ಅಡಿಭಾಗ ನೋಡಿ, ಕಡಿತವೋ ಹಿಕ್ಕೆಯೋ ಕಂಡರೆ ಒಳಗೆ ಸೇರಿಸದೆ ಬೇರೆಯಾಗಿಡಬೇಕು. ಶಟರು ಪೂರ್ತಿ ಇಳಿದಾಗಲೂ ಎರಡು ಮೂಲೆಗಳಲ್ಲಿ ಉಳಿಯುವ ಸಂದಿಯನ್ನು ಒಳಗೆ ಕತ್ತಲೆ ಮಾಡಿ ನೋಡಿದರೆ, ಬೆಳಕು ನುಸುಳುವ ಕಡೆಯೆಲ್ಲ ಇಲಿಯೂ ನುಸುಳಬಹುದೆಂದು ತಿಳಿಯುತ್ತದೆ.

ದಾಸ್ತಾನನ್ನು ಗೋಡೆಗೆ ಒತ್ತಿ ಇಡುವುದು ಗೋದಾಮುಗಳಲ್ಲಿ ಕಾಣುವ ದೊಡ್ಡ ದೋಷ. ಗೋಡೆಗೂ ಸರಕಿಗೂ ನಡುವೆ ಸುಮಾರು 45 ಸೆಂಟಿಮೀಟರ್ ಜಾಗ ಬಿಟ್ಟರೆ ಒಬ್ಬರು ಟಾರ್ಚು ಹಿಡಿದು ಹಾಯಬಹುದು; ಬಿಡದಿದ್ದರೆ ಇಲಿಗೆ ಬೇಕಾದ ಮರೆಯ ಓಣಿಯನ್ನು ನಾವೇ ಕಟ್ಟಿಕೊಟ್ಟಂತೆ. ಆ ಓಣಿಯ ನೆಲಕ್ಕೆ ಬಿಳಿ ಬಣ್ಣ ಬಳಿದರೆ ಒಂದೇ ಒಂದು ಹಿಕ್ಕೆ ಬಿದ್ದರೂ ಕಣ್ಣಿಗೆ ಬೀಳುತ್ತದೆ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಮೊದಲು ಸುಳಿವು ಕಾಣುವವರು ಬಹುತೇಕ ರಾತ್ರಿ ಕಾವಲಿನವರು ಮತ್ತು ಬೆಳಗ್ಗೆ ಗುಡಿಸಲು ಬರುವವರು. ಅವರು ಕಂಡದ್ದನ್ನು ಹೇಳಿದರೆ ಬೈಗುಳ ಸಿಗುತ್ತದೆಂಬ ಭಯವಿದ್ದರೆ ಹಿಕ್ಕೆ ಸದ್ದಿಲ್ಲದೆ ಕಸದ ಬುಟ್ಟಿ ಸೇರುತ್ತದೆ, ಮಾಲೀಕರಿಗೆ ವಿಷಯ ತಿಳಿಯುವಾಗ ತಿಂಗಳುಗಳು ಕಳೆದಿರುತ್ತವೆ. ಒಂದು ದಾಖಲೆ ಪುಸ್ತಕವಿಟ್ಟು, ಯಾರು ಬೇಕಾದರೂ ದಿನಾಂಕ, ಜಾಗ, ಕಂಡದ್ದು ಇಷ್ಟನ್ನು ಬರೆಯಲು ಬಿಡಬೇಕು. ಆಹಾರ ತಯಾರಿಸುವ ಅಥವಾ ಮಾರುವ ಕಡೆ ಹೊಸ ಹಿಕ್ಕೆ ಕಂಡರೆ ಆ ಭಾಗದ ಕೆಲಸ ನಿಲ್ಲಿಸಿ, ಇಲಿ ಮುಟ್ಟಿರಬಹುದಾದ ಆಹಾರವನ್ನು ಬಿಸಾಡಿ, ಪಾತ್ರೆ ಮತ್ತು ಮೇಜುಗಳನ್ನು ತೊಳೆದು ಸೋಂಕು ಕಳೆದ ಮೇಲೆಯೇ ಮುಂದುವರಿಯಬೇಕು. ಕಡಿದ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದು ತಿನ್ನುವವರ ಆರೋಗ್ಯದೊಂದಿಗೆ ಆಡುವ ಆಟ. ಇಲಿಯ ಮೂತ್ರ ಕಡಿತದ ಜಾಗದಲ್ಲಷ್ಟೇ ಇರುವುದಿಲ್ಲ.

ಏಳನೆಯ ಹೆಜ್ಜೆ: ತೀರ್ಮಾನ

ವಾರದ ಕೊನೆಗೆ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿ. ಹೊಸ ಹಿಕ್ಕೆಯೂ ಇಲ್ಲ, ಹೆಜ್ಜೆಯೂ ಇಲ್ಲ, ಮುಚ್ಚಿದ ಬಿಲ ಮುಚ್ಚಿದಂತೆಯೇ ಇದೆ ಎಂದಾದರೆ ನಿಮಗೆ ಸಿಕ್ಕಿದ್ದು ಹಳೆಯ ಕಾಟದ ಕುರುಹು. ಇಲಿ ಹಿಡಿಯುವ ಅಗತ್ಯವಿಲ್ಲ, ಸಂದಿಗಳನ್ನು ಮುಚ್ಚಿದರೆ ಸಾಕು. ಒಂದೇ ಕಡೆ, ಒಂದೇ ಗಾತ್ರದ ಕೆಲವೇ ಹಿಕ್ಕೆಗಳು ಪ್ರತಿದಿನ ಕಂಡರೆ ಒಂದೋ ಎರಡೋ ಇಲಿಗಳಿರಬಹುದು. ಅದೇ ದಾರಿಯಲ್ಲಿ ಗೋಡೆಗೆ ಒತ್ತಿ ಇಟ್ಟ ಬೋನು ಸಾಮಾನ್ಯವಾಗಿ ಸಾಕಾಗುತ್ತದೆ. ಹಲವು ಕೋಣೆಗಳಲ್ಲಿ ಗುರುತು, ಬೇರೆ ಬೇರೆ ಗಾತ್ರದ ಹಿಕ್ಕೆ, ಹಗಲಿನಲ್ಲೂ ಓಡಾಟ, ಚರಂಡಿಯ ಕಡೆಯಿಂದ ಬರುವ ದಾರಿ, ಕಡಿದ ವೈರು ಇವುಗಳಲ್ಲಿ ಯಾವುದೊಂದು ಕಂಡರೂ ಪೆಸ್ಟ್ ಕಂಟ್ರೋಲಿನ ಅನುಭವಿಗಳನ್ನು ಕರೆಸುವುದೇ ಸರಿ. ಅವರಿಗೆ ನಿಮ್ಮ ನಕಾಶೆ ಕೊಡಿ. ಅದನ್ನು ನೋಡದೆಯೇ, ಕಟ್ಟಡ ಸುತ್ತದೆಯೇ, ಬಾಗಿಲಲ್ಲಿ ನಿಂತು ವಿಷದ ಲೆಕ್ಕ ಹೇಳುವವರಿದ್ದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಹಿಡಿಯುವ ಕೆಲಸ ನಡೆಯುವಾಗಲೂ ಪೌಡರಿನ ಪಟ್ಟಿ ಮುಂದುವರಿಯಲಿ. ಬಳಕೆಯಲ್ಲಿಲ್ಲದ ಸಂದಿಗಳನ್ನು ತಕ್ಷಣ ಮುಚ್ಚಬಹುದು. ಬಳಕೆಯಲ್ಲಿರುವ ದಾರಿಯನ್ನು ಮಾತ್ರ ಸತತ ಎರಡು ವಾರ ಯಾವ ಹೊಸ ಗುರುತೂ ಕಾಣದ ಮೇಲೆ ಮುಚ್ಚಬೇಕು, ಇಲ್ಲವಾದರೆ ಒಳಗೆ ಸಿಕ್ಕಿಕೊಂಡ ಇಲಿ ಹೊಸ ದಾರಿ ಕೊರೆಯುತ್ತದೆ ಅಥವಾ ಗೋಡೆಯೊಳಗೇ ಸತ್ತು ದಿನಗಟ್ಟಲೆ ನಾರುತ್ತದೆ. ಮುಚ್ಚಲು ಸಿಮೆಂಟು ಗಾರೆ, ಲೋಹದ ತಗಡು, ಕಣ್ಣು 6 ಮಿಲಿಮೀಟರಿಗಿಂತ ದೊಡ್ಡದಿರದ ಗಟ್ಟಿ ತಂತಿ ಜಾಲರಿ ಬಳಸಬೇಕು. ಫೋಮು, ಬಟ್ಟೆ, ಮರದ ತುಂಡು ಇವನ್ನು ಇಲಿ ಕಡಿದು ತೆಗೆಯುತ್ತದೆ.